ಮನೆಮಾತಿನಲ್ಲಿ ಅಂದದ್ದು

ಮುಂದಿನ ಸೀಟಿನವಳ ಮಲ್ಲಿಗೆ ನಿನ್ನೆಯದು, ಅಂಚು ಕಂದಿದೆ, ನಡುನಡುವೆ ಕನಕಾಂಬರ ಸೇರಿಸಿ ಒತ್ತಾಗಿ ಕಟ್ಟಿದ್ದು, ಚಿನ್ನಮನೂರಿನ ಹೂವಿನವರು ಹೀಗೆ ಕಟ್ಟುವುದಿಲ್ಲ, ಹಾಗಾದರೆ ಕಂಬಂನಲ್ಲಿ ಹತ್ತಿದವಳು, ನಮ್ಮವಳಲ್ಲ, ನಮ್ಮವಳೂ ಇರಬಹುದು, ಕಂಬಂನ ತುಂಬ ಮನೆಯಲ್ಲಿ ಕನ್ನಡವಾಡುವ ನಮ್ಮವರೇ ತಾನೇ, ಸ್ವಲ್ಪ ತಿರುಗಿದರೆ ಮುಖ ಕಾಣುತ್ತದೆ — ಬೇಡ, ತಿರುಗಬೇಡ ತಾಯಿ, ತಿರುಗಿದರೆ ಎಲ್ಲಿಗೆ ಹೊರಟೆ ಸರಣ್ಯಾ ಅನ್ನುತ್ತೀಯೆ, ಇವತ್ತು ಸ್ಕೂಲಿಲ್ಲವಾ ಅನ್ನುತ್ತೀಯೆ, ತೇನಿಯಲ್ಲಿ ಕೆಲಸವಿದೆ ಅಂದರೆ ಎಂಥಾ ಕೆಲಸ ಅನ್ನುತ್ತೀಯೆ, ಅದಕ್ಕೂ ಉತ್ತರ ಇಟ್ಟುಕೊಂಡೇ ಬಸ್ಸು ಹತ್ತಿದ್ದೇನೆ, ಪುಸ್ತಕದ ಅಂಗಡಿ, ಎಂಟನೇ ಕ್ಲಾಸಿನ ಗೈಡು, ನಾನು ಯಾವಾಗಲೂ ಉತ್ತರ ಇಟ್ಟುಕೊಂಡಿರುವವಳು, ಪಾಂಡೀಶ್ವರಿ ಅಕ್ಕನಿಗೆ ಹೇಳಬೇಕಾದ ಒಂದು ಮಾತು ಮಾತ್ರ ಸಿದ್ಧವಾಗುತ್ತಿಲ್ಲ. ಅಕ್ಕಾ, ಆವತ್ತು ನನ್ನಿಂದ ತಪ್ಪಾಯಿತು — ಛೆ, ತಪ್ಪಾಯಿತು ಅಂದರೆ ತಪ್ಪು ತನ್ನಷ್ಟಕ್ಕೆ ತಾನೇ ಆಗಿ ಹೋದ ಹಾಗಿದೆ, ಮಳೆ ಆದ ಹಾಗೆ. ಅಕ್ಕಾ, ನಾನು ನಿನಗೆ ಅವಮಾನ ಮಾಡಿದೆ. ಇದು ಸರಿ, ಆದರೆ ಇದನ್ನು ತಮಿಳಿನಲ್ಲಿ ಹೇಳಲೇ, ನಮ್ಮ ಮನೆಮಾತಿನಲ್ಲಿ ಹೇಳಲೇ, ಮಾಡಿದ್ದು ಕನ್ನಡದಲ್ಲಿ, ಅವಳಿಗೆ ಅರ್ಥವಾಗುವುದಿಲ್ಲ ಎಂಬ ಧೈರ್ಯದ ಮೇಲೆ. ಕಿಟಕಿಯಾಚೆ ವೀಳ್ಯದೆಲೆಯ ತೋಟ ಮುಗಿದು ಬಾಳೆ ಶುರುವಾಯಿತು, ಬಿಸಿಗಾಳಿ, ನನ್ನ ಜ್ವರವೋ ಗಾಳಿಯೋ ತಿಳಿಯುವುದಿಲ್ಲ, ಫೋನು ನಡುಗಿದ ಹಾಗಾಯಿತು, ತೆಗೆದು ನೋಡಿದೆ, ಇಲ್ಲ. ಪಾಂಡೀಶ್ವರಿ ಅಕ್ಕನ ನಂಬರಿಗೆ ಟೈಲರ್ ಅಕ್ಕ ಎಂದು ಹೆಸರು ಹಾಕಿಟ್ಟಿದ್ದೇನೆ, ಅವಳೇ ಹೇಳಿಕೊಟ್ಟಿದ್ದು, ನನ್ನ ಹೆಸರು ಬೇಡ ಟೀಚರಮ್ಮಾ, ಟೈಲರ್ ಅಂತ ಹಾಕ್ಕೋ, ಜಾಕೆಟ್ ಹೊಲಿಯುವವಳು ತಿಂಗಳಿಗೊಮ್ಮೆ ಸಿಕ್ಕರೆ ಯಾರು ಕೇಳ್ತಾರೆ. ಅವಳ ಕೆಲಸವೇ ಅದು, ದೊಡ್ಡಾಸ್ಪತ್ರೆಯ ಎಚ್.ಐ.ವಿ. ಕೇಂದ್ರದಲ್ಲಿ ಮಾತ್ರೆ ತೆಗೆದುಕೊಳ್ಳುವವರು ನಡುವೆ ಬಿಟ್ಟುಹೋಗದ ಹಾಗೆ ನೋಡಿಕೊಳ್ಳುವುದು, ಬರಲು ನಾಚುವವರಿಗೆ ಇದ್ದಲ್ಲಿಗೇ ತಂದುಕೊಡುವುದು, ನಿಲ್ಲಿಸಿದವರನ್ನು ಹುಡುಕಿಕೊಂಡು ಹೋಗುವುದು, ಅವಳಿಗೂ ಆ ಕಾಯಿಲೆ ಇದೆ, ಮುಚ್ಚಿಟ್ಟುಕೊಂಡಿಲ್ಲ, ಚಿನ್ನಮನೂರು ಬಸ್‌ಸ್ಟ್ಯಾಂಡಿನ ಜ್ಯೂಸ್ ಅಂಗಡಿಯ ಮರೆಯಲ್ಲಿ ಬಟ್ಟೆ ಅಂಗಡಿಯ ಚೀಲದಲ್ಲಿ ಮಾತ್ರೆ ಡಬ್ಬಿ ಕೊಡುತ್ತಿದ್ದಳು, ಓಡಿಹೋದವರನ್ನ ಪೊಲೀಸರಿಗಿಂತ ನಾನೇ ಜಾಸ್ತಿ ಹಿಡಿದಿದೀನಿ, ನೀನು ಮಾತ್ರ ಓಡಬೇಡ ನನ್ನ ಕಣ್ಣೇ, ನಿನ್ನ ಹಿಂದೆ ಓಡೋಕೆ ನನ್ನ ಮಂಡಿಲಿ ಶಕ್ತಿ ಇಲ್ಲ ಅಂದು ನಗುತ್ತಿದ್ದಳು, ನಾನೂ ನಗುತ್ತಿದ್ದೆ, ನಗುತ್ತಲೇ ಸುತ್ತ ನೋಡುತ್ತಿದ್ದೆ, ಯಾರಾದರೂ ಅವಳ ಜೊತೆ ನನ್ನನ್ನು ನೋಡಿದರಾ ಎಂದು.

ಮನೆಯಲ್ಲಿ ಯಾರಿಗೂ ಗೊತ್ತಿಲ್ಲ. ನನ್ನ ಗಂಡ ಎಳಿಲ್ ಸತ್ತದ್ದು ಕಾಮಾಲೆಯಿಂದ ಎಂದೇ ಅತ್ತೆ ಇವತ್ತಿಗೂ ಹೇಳುತ್ತಾರೆ, ನನ್ನ ಮಗ ಕಾಮಾಲೆ ಅಂತ ತಿಳೀದೆ ಲಾರಿ ಓಡಿಸ್ದ ಅಂತ, ಅವನ ನಾಲಗೆಯ ಮೇಲೆ ಮೊಸರು ಮೆತ್ತಿದ ಹಾಗೆ ಬಿಳುಪು ಕೂತಿದ್ದನ್ನು ಬೆರಳಿಗೆ ಬಟ್ಟೆ ಸುತ್ತಿ ಒರೆಸಿದವಳು ನಾನು, ಡಾಕ್ಟರು ಹೇಳಿದ್ದನ್ನು ಕೇಳಿದವಳೂ ನಾನು ಒಬ್ಬಳೇ. ಮಾತ್ರೆ ಡಬ್ಬಿಯನ್ನು ನನ್ನ ಕಪಾಟಿನಲ್ಲಿ ಸ್ಯಾನಿಟರಿ ಪ್ಯಾಡಿನ ಪೊಟ್ಟಣದೊಳಗೆ ಇಟ್ಟಿದ್ದೆ, ಗಂಡಸರು ಕೈ ಹಾಕುವುದಿಲ್ಲ, ಅತ್ತೆಗೆ ಅದು ಬೇಕಾಗಿಲ್ಲ, ಎಷ್ಟು ಜಾಣತನ ಎಂದು ನನಗೇ ನನ್ನ ಮೇಲೆ ಮೆಚ್ಚುಗೆ, ಆಮೇಲೆ ಭಾವನ ಮಗಳು ನಿವೇತಾ ಮೈನೆರೆದಳು. ಮನೆ ತುಂಬ ಹೆಂಗಸರು, ಚಾಪೆ ಚಾಪೆಯ ಮೇಲೆ ನೆಂಟರು, ಚಿಕ್ಕಮ್ಮಾ ನಿಮ್ಮತ್ರ ಪ್ಯಾಡ್ ಇದೆಯಾ ಎಂದು ಆ ಮಗು ಕಪಾಟಿನ ಬಾಗಿಲು ಹಿಡಿದು ನಿಂತಿದೆ, ನಾನು ಓಡಿಹೋಗಿ ಪೊಟ್ಟಣ ಕಿತ್ತುಕೊಂಡ ರೀತಿಗೆ ಅವಳ ಕಣ್ಣು ತುಂಬಿ ಬಂತು, ಅಂಗಡಿಯಿಂದ ಹೊಸದು ತಂದುಕೊಡುತ್ತೇನೆ ಎಂದೆ, ಅಂಗಡಿಗೆ ಹೋಗುವ ದಾರಿಯಲ್ಲಿ ಕಾಲುವೆ, ಡಬ್ಬಿ ಎಸೆದೆ, ನೀರು ಜೋರಾಗಿತ್ತು, ಮುಳುಗಲಿಲ್ಲ, ತೇಲಿಕೊಂಡು ಗದ್ದೆಗಳ ಕಡೆ ಹೋಯಿತು, ಶಾಸ್ತ್ರ ಮುಗಿಯಲಿ ಮತ್ತೆ ಶುರು ಮಾಡಿದರಾಯಿತು ಎಂದುಕೊಂಡೆ. ಟೈಲರ್ ಅಕ್ಕ ಕರೆ ಮಾಡಿದಳು, ಎತ್ತಲಿಲ್ಲ. ಮತ್ತೆ ಮಾಡಿದಳು. ಫೋನನ್ನು ದಿಂಬಿನ ಕೆಳಗೆ ಹಾಕಿ ಮೇಲೆ ಕೂತೆ. ನಿವೇತಾಗೆ ಅರಿಸಿನ ನೀರು ಹಾಕುವ ದಿನ ನಾನು ಜಗುಲಿಯಲ್ಲಿದ್ದೆ, ಗಂಡ ಸತ್ತವಳು ಒಳಗೆ ಶಾಸ್ತ್ರದ ಎದುರು ನಿಲ್ಲಬಾರದು ಎಂದು ಯಾರೂ ಹೇಳಲಿಲ್ಲ, ನಾನೇ ಹೊರಗೆ ಬಂದಿದ್ದೆ, ಹೇಳಿಸಿಕೊಳ್ಳುವುದಕ್ಕಿಂತ ಮುಂಚೆ ಬರುವುದು ಮೇಲು, ಮೈಕಿನಲ್ಲಿ ಹಾಡು, ಬೀದಿಯ ತುದಿಯಲ್ಲಿ ಕೊಡೆ ಹಿಡಿದು ಮಂಡಿ ಎಳೆದುಕೊಂಡು ಬರುತ್ತಿರುವವಳು ಅವಳೇ, ಬರಬೇಡ ಬರಬೇಡ ಎಂದು ಕಣ್ಣಲ್ಲೇ ಹೇಳಿದೆ, ಬಂದಳು, ಜಗುಲಿಯ ಕೆಳಗೆ ನಿಂತು ಕೊಡೆ ಮಡಚುತ್ತ, ಏನ್ ಟೀಚರಮ್ಮಾ, ಫೋನು ಕಾಲುವೆಗೆ ಬಿತ್ತಾ ಅಂದಳು. ಫೋನಲ್ಲ. ಒಳಗಿನಿಂದ ಅತ್ತೆ, ಓಚ್ಚಮ್ಮಾಳ್ ಎಂದರೆ ಊರಿಗೇ ಊಟ ಹಾಕುವ ಕೈ, ಮಜ್ಜಿಗೆ ಲೋಟ ಹಿಡಿದುಕೊಂಡೇ ಬಂದರು, ಯಾರ್ಡೀ ಅದು, ಬಿಸ್ಲಾಗ ನಿಂತವಳೆ. ಟೈಲರು, ಅತ್ತೆ, ಅಂದೆ. ಟೈಲರಾ, ಒಳ್ಳೇದಾತು ಬಿಡು, ಮೊಗೀಗೆ ಜಾಕೀಟು ಬಿಗಿಯಾಗೈತೆ, ಒಳೀಕ್ ಬರೇಳು, ಎರಡು ಕಡೆ ಬಿಚ್ಚಿ ಹೊಲ್ದು ಕೊಡ್ಲಿ, ಉಂಡ್ಕೊಂಡು ಹೋಗ್ಲಿ. ಒಳಗೆ ಹೋದರೆ ಸೂಜಿ ಹಿಡಿಯಲು ಬಾರದವಳು, ಒಳಗೆ ಹೋದರೆ ಇಷ್ಟು ಹೆಂಗಸರು, ನೀ ಯಾವೂರವ್ಳು, ಇವಳಿಗೆ ನೀ ಹೆಂಗೆ ಗೊತ್ತು, ಒಂದು ಪ್ರಶ್ನೆಗೆ ಇನ್ನೊಂದು ಪ್ರಶ್ನೆ, ನನಗೆ ಉಸಿರು ಸಿಕ್ಕಲಿಲ್ಲ, ಬಾಯಿ ಮಾತ್ರ ಸಿಕ್ಕಿತು — ಬ್ಯಾಡ ಅತ್ತೆ, ಒಳೀಕ್ ಬಿಡಬ್ಯಾಡಿ, ಅವ್ಳಿಗೆ ಕೆಟ್ಟ ಕಾಯ್ಲೆ ಐತೆ. ಹೊರಗಿನವರ ಎದುರು ಅವರಿಗೆ ತಿಳಿಯಬಾರದ್ದನ್ನು ಹೇಳುವುದಕ್ಕೇ ನಮ್ಮ ಮನೆಮಾತು ಇರುವುದು ಎಂಬ ಹಾಗೆ ಬೆಳೆದವರು ನಾವು, ಬಸ್ಸಿನಲ್ಲಿ, ಬಟ್ಟೆ ಅಂಗಡಿಯಲ್ಲಿ, ಹೆಣ್ಣು ನೋಡಲು ಹೋದ ಮನೆಯಲ್ಲಿ, ಎದುರಿಗೇ ಕೂತವರ ಮೂಗು ಸೊಟ್ಟ ಎಂದು ನಗುತ್ತ ಹೇಳುವುದು. ಯಾವ ಕಾಯ್ಲೆ ಡೀ, ಅತ್ತೆ ಕೇಳಿದ್ದು ನನ್ನನ್ನು. ಉತ್ತರ ಕೊಟ್ಟದ್ದು ಅವಳು, ನಮ್ಮ ಮಾತಿನಲ್ಲೇ, ಎಚ್.ಐ.ವಿ. ಅಮ್ಮಾ, ಶಾನೆ ವರ್ಸಾತು, ಮಾತ್ರೆ ನುಂಗ್ತೀನಿ, ಚೆಂದಾಗಿವ್ನಿ. ಅತ್ತೆಯ ಬಾಯಿ ತೆರೆದೇ ಇತ್ತು. ನಮ್ ಮಾತು ಎಲ್ಲಿ ಕಲ್ತೆ ನೀನು. ಕಂಬಂದಾಗ ನಿಮ್ಮವ್ರ ದ್ರಾಕ್ಷಿ ತ್ವಾಟ್ದಾಗ ಕೂಲಿಗಿದ್ನಲ್ಲಾ, ಬೈಗುಳ ಮೊದ್ಲು ಕಲ್ತೆ, ಮಿಕ್ಕಿದ್ದು ಆಮ್ಯಾಕೆ ಬಂತು. ನನ್ನ ಕಡೆ ನೋಡಲಿಲ್ಲ. ಒಂದು ಸಲ ನೋಡಿದ್ದರೆ, ಒಂದು ಮಾತು, ಅಮ್ಮಾ ನಿಮ್ಮ ಸೊಸೆಯನ್ನೂ ಕೇಳಿ ಅಂದಿದ್ದರೆ ಸಾಕಿತ್ತು, ಅವಳ ಕೈಯಲ್ಲಿತ್ತು ಅದು, ಮಡಚಿದ ಕೊಡೆಯ ಜೊತೆಗೇ. ಕುಡ್ಯಾಕೆ ನೀರು ಕೊಡಿ ಅಮ್ಮಾ, ಹೊಂಟೋಗ್ತೀನಿ ಅಂದಳು. ಅತ್ತೆ ಮಜ್ಜಿಗೆ ಲೋಟವನ್ನು ಸೆರಗಿನ ಹಿಂದಕ್ಕೆ ಎಳೆದುಕೊಂಡರು, ಒಳಗೆ ಹೋಗಿ ಚೊಂಬು ತಂದರು, ಕೈ ಹಿಡಿ ಅಂದರು, ಪಾಪ ಎನ್ನುವ ದನಿಯಲ್ಲೇ ಅಂದರು, ಜಗುಲಿಯ ಮೇಲೆ ನಿಂತು, ಆದಷ್ಟು ಎತ್ತರದಿಂದ, ಚೊಂಬಿನ ಬಾಯಿ ಅಲ್ಲಿ, ಅವಳ ಬೊಗಸೆ ಇಲ್ಲಿ, ನಡುವೆ ನೀರು ಬೀಳುತ್ತ, ಮೊಣಕೈಗೆ ಇಳಿದು ಸೀರೆಗೆ, ಅವಳು ಬಗ್ಗಿ ಕುಡಿಯುತ್ತ, ನಾನು ಅಲ್ಲೇ ಕಂಬ ಹಿಡಿದುಕೊಂಡು ನಿಂತಿದ್ದೆ, ಅತ್ತೆ ಉಂಡ ತಟ್ಟೆಯಲ್ಲಿ ಉಣ್ಣುವವಳು, ಅತ್ತೆ ಕುಡಿದ ಲೋಟದಲ್ಲಿ ಕುಡಿಯುವವಳು.

ವೀರಪಾಂಡಿ ಸೇತುವೆ, ಬಸ್ಸು ನಿಧಾನ, ಹೊಳೆಯಲ್ಲಿ ನೀರಿಗಿಂತ ಕಲ್ಲೇ ಹೆಚ್ಚು. ಆಮೇಲೆ ಅವಳು ಕರೆ ಮಾಡಲಿಲ್ಲ. ಮೊದಲು ಸಮಾಧಾನವಾಯಿತು, ಇದನ್ನು ಯಾರ ಹತ್ತಿರ ಹೇಳಲಿ, ಮೊದಲ ಕೆಲವು ದಿನ ನನಗೆ ನಿಜವಾಗಿ ಸಮಾಧಾನವಾಯಿತು, ಇನ್ನು ಅವಳು ನಮ್ಮ ಬೀದಿಗೆ ಕಾಲಿಡುವುದಿಲ್ಲ ಎಂದು, ಅತ್ತೆ ರಾತ್ರಿ ಊಟಕ್ಕೆ ಕೂತಾಗ, ಪಾಪ ಡೀ ಅವ್ಳು, ಮುಖದಾಗ ಕಳೆ ಐತೆ, ಎಂಥಾ ಗಂಡ್ನ ಕಟ್ಕೊಂಡಿದ್ಳೋ ಅಂದರು, ನಾನು ಹೂಂ ಎಂದು ಇನ್ನೊಂದು ತುತ್ತು ಕಲಸಿದೆ. ಎಂಥಾ ಗಂಡನನ್ನೋ. ಗೋಡೆಯ ಮೇಲೆ ಹಾರ ಹಾಕಿದ ಎಳಿಲ್, ನಗುತ್ತಿರುವ ಎಳಿಲ್. ಆಮೇಲೆ ಜ್ವರ ಬಂತು, ಹೋಯಿತು, ಬಂತು, ಮೊನ್ನೆ ಹಲ್ಲುಜ್ಜುವಾಗ ಕನ್ನಡಿಯಲ್ಲಿ ನಾಲಗೆ ಚಾಚಿದೆ, ಅಂಚಿನಲ್ಲಿ ಬಿಳಿ, ಉಜ್ಜಿದೆ, ಹೋಗಲಿಲ್ಲ, ಮತ್ತೆ ಉಜ್ಜಿದೆ, ರಕ್ತ ಬಂತು, ಬಿಳಿ ಹೋಗಲಿಲ್ಲ. ಫೋನು ಕೈಗೆತ್ತಿಕೊಂಡು ಟೈಲರ್ ಅಕ್ಕ ಎಂಬ ಹೆಸರಿನ ಮೇಲೆ ಬೆರಳಿಟ್ಟು ತೆಗೆದೆ, ಯಾವ ಮುಖದಿಂದ, ಅವಳು ನನ್ನನ್ನು ಬೇರೆ ಯಾರಿಗಾದರೂ ಒಪ್ಪಿಸಿರಬೇಕು, ಅಲ್ಲಿ ತಮಿಳರಸಿ ಎಂಬ ಇನ್ನೊಬ್ಬಳಿದ್ದಾಳೆ, ಅವಳ ಹತ್ತಿರವಾದರೆ ಎಲ್ಲ ಹೊಸದಾಗಿ ಶುರು ಮಾಡಬಹುದು, ಅವಳಿಗೆ ನನ್ನ ಬಾಯಿ ಗೊತ್ತಿಲ್ಲ, ಇಲ್ಲವೇ ಹೋಗುವುದೇ ಬೇಡ, ಹೋಗದಿದ್ದರೆ — ಬೆರಳಿಗೆ ಬಟ್ಟೆ ಸುತ್ತಿ ನನ್ನ ನಾಲಗೆ ಒರೆಸುವವರು ಯಾರು. ತೇನಿ ಇಳಿಯಿರಿ, ತೇನಿ. ಮಲ್ಲಿಗೆಯವಳು ಎದ್ದು ತಿರುಗಿದಳು, ನಮ್ಮವಳಲ್ಲ, ನನ್ನನ್ನು ನೋಡಲೂ ಇಲ್ಲ, ದಾರಿಯುದ್ದಕ್ಕೂ ಹೆದರಿಕೊಂಡು ಬಂದದ್ದು ಇವಳಿಗಾ. ಇನ್ನೊಂದು ಬಸ್ಸು, ದೊಡ್ಡಾಸ್ಪತ್ರೆ, ದುಪಟ್ಟಾ ಮೂಗಿನ ತನಕ ಎಳೆದುಕೊಂಡು ಗೋಡೆಯ ಬದಿಯಲ್ಲೇ ನಡೆದೆ, ಫಿನಾಯಿಲು, ಇಡ್ಲಿ, ಬೇವಿನ ಮರದ ಕೆಳಗೆ ಕಾಯುತ್ತಿರುವ ಮಂದಿ, ಯಾರೂ ಯಾರನ್ನೂ ನೋಡದ ಬೆಂಚುಗಳು, ಬಾಗಿಲಲ್ಲೇ ಅವಳ ದನಿ ಕೇಳಿಸಿತು, ಮುತ್ತಯ್ಯಣ್ಣಾ, ಕುಡಿದು ಬಂದರೂ ಪರವಾಗಿಲ್ಲ ಬಾ ಅಂದಿದ್ದೆ ನಿಜ, ಬಾಟಲಿ ಹಿಡ್ಕೊಂಡೇ ಬಾ ಅಂದಿರಲಿಲ್ಲ, ಎಲ್ಲರೂ ನಗುತ್ತಿದ್ದಾರೆ, ಆ ಅಣ್ಣನೂ ನಗುತ್ತಿದ್ದಾನೆ, ಹಿಂದಕ್ಕೆ ತಿರುಗಿಬಿಡಬೇಕು, ಈಗಲೇ, ಬಸ್ಸು ಇನ್ನೂ ನಿಂತಿರುತ್ತದೆ.

ಬಂದಿಯಾ, ಅಂದಳು. ಅಷ್ಟೇ, ತಮಿಳಿನಲ್ಲಿ, ಯಾವಾಗಿನಂತೆ, ಅಂಗೈಯನ್ನು ನನ್ನ ಹಣೆಗಿಟ್ಟು ತೆಗೆದು, ಮೈ ಸುಡ್ತಾ ಇದೆಯಲ್ಲಾ ನನ್ನ ಕಣ್ಣೇ, ನಾನೇ ಬರಬೇಕು ಅಂತಿದ್ದೆ, ನಿಮ್ಮನೆಯಲ್ಲಿ ಈಗ ನನ್ನ ಹೆಸರು ಬಹಳ ಜೋರಾಗಿದೆ, ಬಂದರೆ ನಿನಗೇ ತೊಂದರೆ ಅಂತ ಸುಮ್ಮನಿದ್ದೆ, ಯಾವಾಗ ಬರ್ತಾಳೆ ಬರ್ತಾಳೆ ಅಂತ ದಿನಾ ಈ ಬಾಗಿಲು ನೋಡಿದ್ದೇ ಆಯ್ತು. ಅಕ್ಕಾ, ಆವತ್ತು ನಾನು. ನಡೆ ನಡೆ, ಡಾಕ್ಟರಮ್ಮ ಎದ್ದುಹೋದಾರು. ತೂಕ, ರಕ್ತ, ನಾಲಗೆ ಚಾಚಿ, ಎಷ್ಟು ದಿನದಿಂದ ಬಿಟ್ಟಿದ್ದೀರಿ, ಯಾಕೆ ಬಿಟ್ಟಿರಿ, ಓದಿದವರು ನೀವೇ ಹೀಗೆ ಮಾಡಿದರೆ, ನಾನು ತಲೆ ಬಗ್ಗಿಸಿದ್ದೆ, ಹಿಂದಿನಿಂದ ಅವಳು, ಬೈಯೋದು ನನಗೆ ಬಿಡಿ ಡಾಕ್ಟರಮ್ಮಾ, ನನಗೆ ಇವರ ಭಾಷೆಯಲ್ಲೇ ಬರುತ್ತೆ. ಚುಚ್ಚಿತು. ಚುಚ್ಚಲೆಂದು ಅಂದಳೋ ನಗಿಸಲೆಂದೋ, ಮುಖ ನೋಡಿದೆ, ತಿಳಿಯಲಿಲ್ಲ, ಅಷ್ಟಾದರೂ ಅಂದಳಲ್ಲ ಎಂದು ಹಗುರವೂ ಆಯಿತು. ಹೊರಗೆ ಬೇವಿನ ಕೆಳಗೆ ಕೂರಿಸಿ ಡಬ್ಬಿ ಬಿಚ್ಚಿದಳು, ಒಂದು ಮಾತ್ರೆ ನನ್ನ ಅಂಗೈಗೆ, ಈಗ್ಲೇ ನುಂಗು, ನಾನು ನೋಡ್ಬೇಕು, ಇದನ್ನು ನಮ್ಮ ಮಾತಿನಲ್ಲಿ ಅಂದಳು, ಮೊದಲ ಸಲ ನನಗೇ ಅಂತ ಅಂದದ್ದು, ಅಕ್ಕಾ ಎಂದೆ, ನಾನೂ ಅದರಲ್ಲೇ, ಅಕ್ಕಾ ನಾ ನಿಂಗೆ, ದಾರಿಯೆಲ್ಲ ತಿದ್ದಿದ ವಾಕ್ಯ, ಒಂದು ಅಕ್ಷರವೂ ಇಲ್ಲ. ಅವಳು ತನ್ನ ಚೀಲದಿಂದ ನೀರಿನ ಬಾಟಲಿ ತೆಗೆದಳು, ತಾನು ಮೊದಲು ಕುಡಿದಳು, ಮಕ್ಕಳ ಹಾಗೆ ಬಾಟಲಿಗೆ ತುಟಿ ಹಚ್ಚಿ, ಬಿಸಿಲಲ್ಲಿ ಬಾಯಾರಿದ್ದಳೋ ಬೇಕೆಂದೇ ಹಾಗೆ ಕುಡಿದಳೋ, ಆಮೇಲೆ ನನ್ನ ಕಡೆ ಚಾಚಿದಳು. ನನಗೆ ಥಟ್ಟನೆ ಹೊಳೆಯಿತು, ಮಾತು ಬೇಡ, ಯಾವ ಭಾಷೆಯೂ ಬೇಡ, ಅವಳು ತುಟಿ ಇಟ್ಟಲ್ಲೇ ನಾನೂ ತುಟಿ ಇಟ್ಟು ಕುಡಿದರೆ ಸಾಕು, ಅವಳಿಗೆ ತಿಳಿಯುತ್ತದೆ, ಇದಕ್ಕಿಂತ ಚೆನ್ನಾಗಿ ನನಗೆ ಹೇಳಲು ಬರುವುದಿಲ್ಲ, ಮಾತ್ರೆಯನ್ನು ನಾಲಗೆಯ ಮೇಲಿಟ್ಟೆ, ಕಹಿ, ಬಾಟಲಿ ತೆಗೆದುಕೊಂಡೆ, ಅದರ ಅಂಚು ಇನ್ನೂ ಒದ್ದೆ, ತಲೆ ಹಿಂದಕ್ಕೆ ಹೋಯಿತು, ಕೈ ಮೇಲಕ್ಕೆ ಹೋಯಿತು, ಮತ್ತೂ ಮೇಲಕ್ಕೆ, ನೀರು ಬಿತ್ತು, ನುಂಗಿದೆ, ಮೆಲ್ಲಗೆ ಕಣ್ಣೇ, ನೆತ್ತಿಗೇರೀತು ಅಂದಳು ಪಾಂಡೀಶ್ವರಿ ಅಕ್ಕ, ಆಗಲೇ ಕಂಡದ್ದು ನನಗೆ, ನನ್ನದೇ ಕೈ, ಎತ್ತರದಲ್ಲಿ, ಬಾಟಲಿಯ ಬಾಯಿ ಅಲ್ಲಿ, ನನ್ನ ಬಾಯಿ ಇಲ್ಲಿ, ಇಳಿಸು, ಇಳಿಸಿ ತುಟಿಗೆ ಹಚ್ಚು, ಅವಳು ನೋಡುತ್ತಿದ್ದಾಳೆ, ಕೈ ಇಳಿಯುತ್ತಿಲ್ಲ, ಅಲ್ಲಿ ಬಾಟಲಿಯ ಬಾಯಿ, ಇಲ್ಲಿ ನನ್ನ ಬಾಯಿ, ನಡುವೆ ನೀರು, ಬೀಳುತ್ತ, ನಡುವೆ