ಎಲ್ಲ ಮೂಟೆಗೂ ಒಂದೇ ಲೋಟ

ಅಂಗಡಿಯಾಕೆ ಕಡಲೆಕಾಯಿ ಬೀಜದ ಮೂಟೆಗೆ ಲೋಟ ಇಳಿಸಿ, ತುಂಬಿ, ದರ್ಜಿಗೆ ತೂಗಿಕೊಟ್ಟರು. ಅದೇ ಲೋಟವನ್ನು ನನಗಾಗಿ ಗೋಧಿಹಿಟ್ಟಿನ ಮೂಟೆಯತ್ತ ಒಯ್ದರು.

"ಬೇಡ," ಎಂದೆ. ದನಿ ನಾನು ಅಂದುಕೊಂಡದ್ದಕ್ಕಿಂತ ಜೋರಾಗಿ ಬಂತು.

ನಾವು ಹಳ್ಳಿಗೆ ಬಂದು ಹನ್ನೊಂದು ದಿನವಾಗಿತ್ತು. ಪೇಟೆಯಲ್ಲಿ ಬಾಯಿ ಬಿಡದೆ ಸಾಮಾನು ತರುತ್ತಿದ್ದೆ. ಪೊಟ್ಟಣದ ಹಿಂದಿನ ಸಣ್ಣಕ್ಷರವನ್ನು ಎರಡೆರಡು ಸಲ ಓದಿ ಬುಟ್ಟಿಗೆ ಹಾಕಿದರೆ ಮುಗಿಯಿತು. ಇಲ್ಲಿ ಮೂಟೆಗಳ ಮೇಲೆ ಓದಲು ಏನೂ ಇಲ್ಲ. ನನ್ನ ಐದು ವರ್ಷದ ಮಗಳಿಗೆ ಕಡಲೆಕಾಯಿ ಆಗುವುದಿಲ್ಲ. ಒಂದು ಚೂರು ಹೊಟ್ಟೆ ಸೇರಿದರೂ ಗಂಟಲು ಊದಿಕೊಂಡು ಉಸಿರು ಕಟ್ಟುತ್ತದೆ. ಒಮ್ಮೆ ಕಣ್ಣಾರೆ ನೋಡಿದ್ದೇನೆ. ಆಗ ಆಸ್ಪತ್ರೆ ಎದುರು ಬೀದಿಯಲ್ಲಿತ್ತು. ಈಗ ಒಂದು ಗಂಟೆಯ ದಾರಿ. ಆದರೂ ಇಲ್ಲಿ ಯಾರಿಗೂ ಹೇಳಿರಲಿಲ್ಲ. ಹೊಸ ಊರಿನಲ್ಲಿ ಮಗು ಶಾಲೆಗೆ ಕಾಲಿಡುವ ಮೊದಲೇ 'ಸೀಕು ಹುಡುಗಿ' ಎಂಬ ಹೆಸರು ಅಂಟಿಕೊಳ್ಳುವುದು ನನಗೆ ಬೇಕಿರಲಿಲ್ಲ.

ಹೊಸ ಮೂಟೆ ಬಿಚ್ಚಿ ಬೇರೆ ಪಾತ್ರೆಯಲ್ಲಿ ಅಳೆದು ಕೊಡುತ್ತೀರಾ ಎಂದು ಕೇಳಿದೆ. ಹಳೆಯದು ಮುಗಿಯದೆ ಹೊಸದನ್ನು ಬಿಚ್ಚುವುದಿಲ್ಲ ಎಂದರು ಅಂಗಡಿಯಾಕೆ. ಅವರ ಮುಖ ಬಿಗಿದಿತ್ತು.

"ಇಪ್ಪತ್ತು ವರ್ಷದಿಂದ ಇದೇ ಲೋಟ. ಇಡೀ ಊರು ತಿಂದಿದೆ. ನಿಮಗೊಬ್ಬರಿಗೇ ಗಲೀಜಾಗಿ ಕಾಣ್ತಾ?"

ದರ್ಜಿ ಇನ್ನೂ ಹೋಗಿರಲಿಲ್ಲ. ಬೀಜ ಅಗಿಯುತ್ತಾ, "ಅಕ್ಕಾ, ಆ ಲೋಟಕ್ಕೆ ಸ್ನಾನ ಮಾಡಿಸು, ಹೊಸ ಅಂಗಿಗೆ ಅಳತೆ ನಾನು ತಗೋತೀನಿ," ಎಂದ.

ಕೈಚೀಲ ಮಡಚಿಕೊಂಡು ಮನೆಗೆ ಹೋಗಿಬಿಡಬಹುದಿತ್ತು. ವಾರಕ್ಕೊಮ್ಮೆ ಬಸ್ಸು ಹಿಡಿದು ಪೇಟೆಯಿಂದ ಪೊಟ್ಟಣಗಳನ್ನು ಹೊತ್ತು ತರಬಹುದಿತ್ತು. ಆದರೆ ಮಗಳು ಬೆಳೆಯಬೇಕಾದದ್ದು ಇಲ್ಲೇ. ನಾಳೆ ಅವಳೊಬ್ಬಳೇ ಈ ಅಂಗಡಿಗೆ ಬರುತ್ತಾಳೆ, ಯಾರೋ ಅಕ್ಕರೆಯಿಂದ ಅವಳ ಅಂಗೈಗೆ ನಾಲ್ಕು ಬೀಜ ಹಾಕುತ್ತಾರೆ. ನಾನು ನಿಂತಲ್ಲಿಂದ ಕದಲಲಿಲ್ಲ.

"ಗಲೀಜಲ್ಲ ಅಕ್ಕಾ. ಕಡಲೆಕಾಯಿ ತಿಂದ್ರೆ ನನ್ನ ಮಗಳಿಗೆ ಉಸಿರು ನಿಂತುಹೋಗುತ್ತೆ. ಒಂದು ಚೂರು ಸಾಕು."

ದರ್ಜಿ ಅಗಿಯುವುದನ್ನು ನಿಲ್ಲಿಸಿದ. ಅಂಗಡಿಯಾಕೆ ಲೋಟವನ್ನು ಬೆಳಕಿಗೆ ಹಿಡಿದು ಒಳಗೆ ನೋಡಿದರು. ಇನ್ನು ಮೇಲೆ ಬೇರೆ ಲೋಟ ಇಡುತ್ತೇನೆಂದು ಮಾತು ಕೊಡುತ್ತಾರೆ ಎಂದುಕೊಂಡೆ. ಆ ಮಾತನ್ನು ಹೇಗೆ ನಂಬುವುದೆಂಬ ಚಿಂತೆ ಆಗಲೇ ಶುರುವಾಗಿತ್ತು.

"ಬೇರೆ ಲೋಟ ಇಟ್ರೂ ನಾನು ಮರೀತೀನಿ ಕಣಮ್ಮಾ," ಎಂದರು. "ಕೈ ತಾನಾಗೇ ಹೋಗಿಬಿಡುತ್ತೆ. ನನ್ನ ಕೈ ನಂಬಬೇಡ. ಸೋಮವಾರ ಬೆಳಿಗ್ಗೆ ಏಳಕ್ಕೆ ಸರಕಿನ ಲಾರಿ ಬರುತ್ತೆ. ನೀನೇ ಒಳಗೆ ಬಾ, ಹೊಸ ಮೂಟೆ ಬಿಚ್ಚಿ ತುಂಬ್ಕೋ. ಆಮೇಲೆ ನಾನು ಮುಟ್ತೀನಿ."

ಆ ಊರಿನಲ್ಲಿ ನಾನು ಪೂರ್ತಿ ನಂಬಿದ ಮೊದಲ ಮಾತು ಅದು.

ಸೋಮವಾರ ಆರೂವರೆಗೇ ಮನೆಯ ಡಬ್ಬಿಗಳನ್ನು ಹೊತ್ತು ಹೋಗಿ ನಿಂತೆ. ಲಾರಿ ಬಂದ ಮೇಲೆ ಒಳಗೆ ಹೋಗಿ ಮೂಟೆಯ ಹೊಲಿಗೆ ಬಿಚ್ಚಿದೆ. ಮೊದಲು ಹಿಟ್ಟು, ಆಮೇಲೆ ಬೇಳೆ. ಬೆನ್ನ ಹಿಂದೆ ಯಾರೋ ಅವಸರದಲ್ಲಿ ಕಡಲೆಕಾಯಿ ಬೀಜ ಕೇಳುತ್ತಿದ್ದರು.

"ಸ್ವಲ್ಪ ತಡೀರಿ, ಇನ್ನೂ ಸಕ್ಕರೆ ಇದೆ," ಎಂದೆ, ತಿರುಗಿ ನೋಡದೆ.