ನಮ್ದರೀ

"ಇನ್ನೊಮ್ಮಿ ಓದವಾ" ಎಂದಳು ದುಂಡವ್ವ.

ಶೈಲಾ ಪುಸ್ತಕವನ್ನು ಮತ್ತೆ ತೆರೆದಳು. ಜತ್ತದ ಕಂಬಳಿ ಎಫ್‌ಎಂಗೆ ಹನ್ನೊಂದು ವರ್ಷ ತುಂಬಿದ್ದಕ್ಕೆ ಅಚ್ಚಾಗಿ ಬಂದ ಕೇಂದ್ರದ ಇತಿಹಾಸ ಅದು. ಅಲ್ಲಿ ನಿರೂಪಕಿಯಾಗಿದ್ದ ಅವಳು ಸ್ಟುಡಿಯೋದಲ್ಲಿ ಕುಳಿತು ಮೂರನೆಯ ಪುಟವನ್ನು ತಗ್ಗಿದ ದನಿಯಲ್ಲಿ ಓದಿದಳು. "ಮೊದಲು ಪ್ರಸಾರವಾದ ಹಾಡು, ತಬ್ಬಲಿ ಮರಿಯ ಪದ. ಸಂಗ್ರಹ, ವಿಜಯಕುಮಾರ. ರಚನೆ, ಜನಪದ."

"ಜನಪದ ಅಂದ್ರ ಯಾರು?"

"ಯಾರಂತ ಇಲ್ಲ ಆಯಿ. ಕಟ್ಟಿದವ್ರು ಯಾರಂತ ಗೊತ್ತಿಲ್ಲಂದ್ರ ಹಂಗ ಬರೀತಾರ."

ದುಂಡವ್ವನಿಗೆ ಮೈಯೆಲ್ಲ ಉರಿಯಿತು. ತನ್ನೂರು ಬೆಳುಂಕಿಯ ಮಡ್ಡಿಯ ಬರಡು ನೆಲದಲ್ಲಿ ತಾಯಿ ಸತ್ತ ಕುರಿಮರಿಯನ್ನು ಉಡಿಯಲ್ಲಿಟ್ಟುಕೊಂಡು, ಅದರ ಬಾಯಿಗೆ ಹಾಲಿನಲ್ಲಿ ಅದ್ದಿದ ಬಟ್ಟೆ ಹಿಡಿದು, ನಾಲ್ಕು ದಿನ ತಾನೇ ಕಟ್ಟಿದ ಪದ. ಹನ್ನೊಂದು ವರ್ಷ ದಿನಾ ಮುಂಜಾನೆ ಅದೇ ಪದದಿಂದ ಕೇಂದ್ರದ ಬಾಯಿ ತೆರೆದಿದೆ. ಕರಜಗಿಯ ಮದುವೆಗಳಲ್ಲಿ ಹಾಕುತ್ತಾರೆ, ಮಂದಿಯ ಮೊಬೈಲಿನಲ್ಲಿ ಕೂಗುತ್ತದೆ. ಕಟ್ಟಿದವಳು ಮಾತ್ರ ಗೊತ್ತಿಲ್ಲವಂತೆ!

ಅಷ್ಟರಲ್ಲಿ ಕೇಂದ್ರದ ಮುಖ್ಯಸ್ಥ ವಿಜಯಕುಮಾರನೇ ಒಳಗೆ ಬಂದ. ಈ ದಿನ ನೇರ ಪ್ರಸಾರದಲ್ಲಿ ಅದೇ ಪದ ಹಾಡಲು ಅವಳನ್ನು ಕರೆಸಿದವನೂ ಅವನೇ.

"ಸಾಹೇಬ್ರ, ನನ್ನ ಹೆಸರು ಎಲ್ಲೈತ್ರಿ?"

ವಿಜಯಕುಮಾರ ನಕ್ಕ. "ಆಯಿ, ರೆಕಾರ್ಡಿಂಗ್ ದಿನ ನಾನ ಕೇಳಿದ್ನಲ್ಲ, ಈ ಪದ ಯಾರದಂತ? ನೀ ಏನಂದಿ? 'ನಮ್ದರೀ' ಅಂದಿ. ನಮ್ದು ಅಂದ್ರ ಎಲ್ಲಾರ್ದು. ಅದಕ್ಕ ಜನಪದ ಅಂತ ಬರದೆ."

ದುಂಡವ್ವ ಅವನ ಮುಖವನ್ನೇ ನೋಡಿದಳು. ದೊಡ್ಡವರ ಮುಂದೆ ನಂದು ಎಂದರೆ ಸೊಕ್ಕು ಎಂದುಕೊಂಡು ಆಡಿದ ಮಾತು. ಈ ಸೀಮೆಯಲ್ಲಿ ಹುಟ್ಟಿದವನಿಗೆ ಅಷ್ಟೂ ತಿಳಿಯದೇ?

"ನಮ್ಮ ಗಂಡ ಅಂತೀನ್ರಿ ನಾನು. ಹಂಗಂದ್ರ ಅಂವ ಊರಿಗೆಲ್ಲಾ ಗಂಡ ಏನ್ರಿ?"

ಶೈಲಾ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ವಿಜಯಕುಮಾರನ ಮುಖ ಕಪ್ಪಿಟ್ಟಿತು.

"ಐನೂರು ಪುಸ್ತಕ ಛಾಪಾ ಆಗ್ಯಾವ. ಮುಂದಿನ ಸಲ ನೋಡೂಣು. ಒಂದು ಹೆಸರಿಗೆ ಇಷ್ಟ್ಯಾಕ ಗುದ್ದಾಡ್ತಿ?"

"ಬರೇ ಒಂದು ಹೆಸರೇನ್ರಿ? ನಿಮ್ಮ ಹೆಸರ ಬಿಟ್ಟಿದ್ರ ನೀವು ಸುಮ್ಮನ ಇರ್ತಿದ್ರೇನು?"

ಅವನು ಗಡಿಯಾರ ನೋಡಿ, "ವ್ಯಾಳ್ಯಾ ಆತು, ಲಗೂನ ಕುಂದ್ರು" ಎಂದು ಗಾಜಿನ ಆಚೆ ಹೋಗಿ ನಿಂತ.

ಎದ್ದು ಹೋಗಿಬಿಡಲೇ ಎನಿಸಿತು ದುಂಡವ್ವನಿಗೆ. ಹೋದರೆ ಮಷೀನಿನಲ್ಲಿದ್ದ ಹಳೆಯ ಹಾಡನ್ನೇ ಹಾಕುತ್ತಾರೆ, ಮತ್ತೆ ಜನಪದ ಎನ್ನುತ್ತಾರೆ. ಅವಳು ಮೈಕಿನ ಮುಂದೆ ಕುಳಿತಳು. ಶೈಲಾ ಗುಂಡಿ ಒತ್ತಿದಳು, ಕೆಂಪು ದೀಪ ಹತ್ತಿತು. ಕಿವಿಗೆ ಕೈಯಿಟ್ಟು ದುಂಡವ್ವ ಎತ್ತಿಕೊಂಡದ್ದು ಮರಿಯ ಪದದ ದಾಟಿಯನ್ನೇ. ಮಾತು ಮಾತ್ರ ಬೇರೆ.

"ಪದವ ಕಟ್ಟಿದಾಕಿ ಕದದಾಗ ನಿಂತೀನಿ
ಹೆದರದ ಅಳಿಸ್ಯಾರ ನನ ಹೆಸರ, ಬೆಳುಂಕಿ
ದುಂಡವ್ವ ಇನ್ನಾ ಬದುಕೀನಿ"

ವಿಜಯಕುಮಾರ ಗಾಜು ಬಡಿದ. ಬಂದ್ ಮಾಡು, ಬಂದ್ ಮಾಡು ಎಂದು ಶೈಲಾಳಿಗೆ ಕೈಸನ್ನೆ ಮಾಡಿದ. ಬಂದ್ ಮಾಡದಿದ್ದರೆ ತನ್ನ ಕೆಲಸಕ್ಕೆ ಕುತ್ತು ಬರುತ್ತದೆಂದು ಅವಳಿಗೂ ಗೊತ್ತಿತ್ತು. ಒಮ್ಮೆ ಅವನ ಕಡೆ ನೋಡಿದಳು.

ದುಂಡವ್ವ ಕಣ್ಣು ಮುಚ್ಚಿ ಎರಡನೆಯ ನುಡಿ ಎತ್ತಿಕೊಂಡಳು. ಶೈಲಾ ಎರಡೂ ಕೈಗಳನ್ನು ಮಷೀನಿನಿಂದ ತೆಗೆದು ಮಡಿಲಲ್ಲಿಟ್ಟುಕೊಂಡು ಕುಳಿತಳು.