ಹಿಂದೆ ಯಾರೋ ಇದ್ದಾರೆ

ಕಾರಿನ ಹಿಂದಿನ ಬಂಪರನ್ನು ಗುರುಬಸವ ಎಳೆಗರುವಿಗೆ ಮೈತೊಳೆಸುವ ಹಾಗೆ ತೊಳೆಯುತ್ತಿದ್ದ. ಸಯನ್ನಿನ ಹಳೆಯ ಬಿಲ್ಡಿಂಗಿನ ಕಾಂಪೌಂಡು, ಭಾನುವಾರದ ಬೆಳಗು. ಬಂಪರಿಲ್ಲದ ಕಾರು ಮಾತ್ರ ಲುಂಗಿ ಕಳಚಿಬಿದ್ದ ಗಂಡಸಿನಂತೆ ಗೋಡೆಗೆ ಮುಖ ಮಾಡಿ ನಿಂತಿತ್ತು.

ಪಕ್ಕದಲ್ಲಿ ಕೂತ ಅವನ ಹೆಂಡತಿ ದಾನೇಶ್ವರಿ ಬಿಚ್ಚಿದ ಸ್ಕ್ರೂಗಳನ್ನು ಮಸಾಲೆ ಡಬ್ಬಿಯಲ್ಲಿ ವಿಂಗಡಿಸಿಡುತ್ತಿದ್ದಳು. ಸಾಸಿವೆಯ ಬಟ್ಟಲಲ್ಲಿ ದೀಪದ ಸ್ಕ್ರೂ, ಜೀರಿಗೆಯದರಲ್ಲಿ ಚಕ್ರದ ಪಕ್ಕದವು, ಮೆಂತ್ಯದ್ದರಲ್ಲಿ ಅಡಿಯ ಪ್ಲಾಸ್ಟಿಕ್ ಕ್ಲಿಪ್ಪು.

ಇಷ್ಟಕ್ಕೆಲ್ಲ ಕಾರಣ ಕೋಟಿನ ಗುಂಡಿಯಷ್ಟು ದೊಡ್ಡ ಒಂದು ಸೆನ್ಸರ್. ಹಿಂದಕ್ಕೆ ಬರುವಾಗ ಏನಾದರೂ ಅಡ್ಡ ಬಂದರೆ ಪೀಂಗುಡಬೇಕಾದದ್ದು, ಮೂರು ತಿಂಗಳಿಂದ ರಿವರ್ಸ್ ಗೇರ್ ಹಾಕಿದ ಕೂಡಲೇ ಸುಮ್ಮಸುಮ್ಮನೆ ಒದರುತ್ತಿತ್ತು. ಗುರುಬಸವ ಅದರ ಬಾಯಿ ಮುಚ್ಚಿಸಿ, ಆ ಕೆಲಸವನ್ನು ತಾನೇ ವಹಿಸಿಕೊಂಡಿದ್ದ. ರಿಟೈರಾದ ಮೇಲೆ ಅವನಿಗೆ ಸಿಕ್ಕ ಮೊದಲ ಕೆಲಸ ಅದು. ಐವತ್ತೊಂದನೆಯ ವರ್ಷಕ್ಕೆ ಲೈಸೆನ್ಸ್ ಪಡೆದ ಹೆಂಡತಿ ಕಾರು ತೆಗೆದಾಗಲೆಲ್ಲ ಬೆನ್ನಿಗೆ ನಿಂತು, “ಬಾ... ಬಾ... ಸಾಕ್! ಸಾಕಂದ್ನೆಲ್ಲ!” ಎಂದು ಕೂಗುತ್ತಿದ್ದ. ಇನ್ನೂ ಎರಡು ಗಾಡಿ ಹಿಡಿಸುವಷ್ಟು ಜಾಗ ಉಳಿದಿರುತ್ತಿತ್ತು.

ಹಿಂದೆ ನಿಲ್ಲುವವನು ಎಲ್ಲೆಲ್ಲೂ ಜೊತೆಗೆ ಬರಬೇಕಲ್ಲ. ತರಕಾರಿಗೆ ಬಂದ, ಕಣ್ಣಿನ ಡಾಕ್ಟರಿಗೆ ಬಂದ, ಆಂಟಾಪ್ ಹಿಲ್ಲಿನ ಅಕ್ಕನ ಮನೆಗೂ ಬಂದ. ಅಕ್ಕನ ಜೊತೆ ಅವಳು ಮನಬಿಚ್ಚಿ ಮಾತಾಡಿ ಮೂರು ತಿಂಗಳಾಗಿತ್ತು.

ನಾಳೆ ಸೋಮವಾರ, ಹತ್ತಕ್ಕೆ, ದಾನೇಶ್ವರಿ ಅಂಧೇರಿಯ ಒಂದು ಸ್ಟುಡಿಯೋದಲ್ಲಿರಬೇಕು. ಮಕ್ಕಳ ಕಾರ್ಟೂನಿನಲ್ಲಿ ಒಂದು ಎಮ್ಮೆ ಇದೆ. ಅದಕ್ಕೆ ಅಪ್ಪಟ ವಿಜಯಪುರದ ದನಿ ಬೇಕಂತೆ. ಅವಳು ತರಕಾರಿಯ ಭಾಜಿಯವನ ಜೊತೆ ಜಗಳಾಡುವುದನ್ನು ಕೇಳಿಸಿಕೊಂಡ ಯಾರೋ ಹೆಸರು ಕೊಟ್ಟಿದ್ದರು. ಲೋಕಲ್ ರೈಲಿನಲ್ಲಿ ಹೋದರೆ ಬೇಗ ಮುಟ್ಟುತ್ತಾಳೆ, ಅದು ಅವಳಿಗೂ ಗೊತ್ತು. ಆದರೆ ಮೊದಲ ದಿನ ತಾನೇ ಕಾರು ಓಡಿಸಿಕೊಂಡು, ಒಬ್ಬಳೇ ಹೋಗಿ ಇಳಿಯಬೇಕೆಂದು ಮನಸ್ಸು ಹಟ ಹಿಡಿದಿತ್ತು.

“ನಾನೂ ಬರ್ತೀನಿ. ಅಲ್ಲಿ ಹಿಂದಕ್ಕ ತಗೀಬೇಕಾದ್ರ ಯಾರ್ ನಿಂದರ್ತಾರ?” ಎಂದಿದ್ದ ಗುರುಬಸವ.

“ನೀವು ಬಂದ್ರ ನನಗ ಎಮ್ಮಿ ದನಿ ಬರೂದಿಲ್ರಿ.”

“ಯಾಕ?”

“ಬರೂದಿಲ್ಲಂದ್ರ ಬರೂದಿಲ್ಲ.”

ಅವನು ರಾತ್ರಿಯಿಡೀ ಯೋಚಿಸಿ, ಸೆನ್ಸರ್ ಸರಿಯಾದರೆ ಒಬ್ಬಳೇ ಹೋಗಬಹುದು ಎಂದು ಒಪ್ಪಿದ. ಅವಳು ಅಂದೇ ಹೊಸದನ್ನು ತರಿಸಿದಳು. ಕೊಟ್ಟ ಮಾತಿಗೆ ತಪ್ಪುವ ಮನುಷ್ಯನಲ್ಲ ಅವನು. ಮೊಬೈಲಿನಲ್ಲಿ ವಿಡಿಯೋ ನೋಡುತ್ತ ಇಡೀ ಬಂಪರ್ ಬಿಚ್ಚಿ, ಹಳೆಯ ಸೆನ್ಸರ್ ಕಿತ್ತು ಅವಳ ಕೈಗಿಟ್ಟ. ಬಂಪರ್ ತೊಳೆದು ಒರೆಸಿ ಹೊಸದನ್ನು ಕೂರಿಸಿದ.

ಮತ್ತೆ ಜೋಡಿಸುವ ಮೊದಲು ಪರೀಕ್ಷೆ ಆಗಬೇಕು. ಸೊಸೈಟಿಯ ಸೆಕ್ರೆಟರಿ ಸುಹಾಸ ‘ಕಾಂಪೌಂಡಿನಲ್ಲಿ ವಾಹನದ ಅವಯವ ಇಡಬಾರದು’ ಎಂದು ಹೇಳಲು ಬಂದವನು, ತನಗೇ ತಿಳಿಯದಂತೆ ಬಂಪರಿನ ಒಂದು ತುದಿ ಹಿಡಿದಿದ್ದ. ಇನ್ನೊಂದು ತುದಿಗೆ ವಾಚ್‌ಮನ್. ವೈರು ಕಾರಿಗೆ ಜೋಡಿಸಿತ್ತು. ಗುರುಬಸವ ಒಳಗೆ ಕೂತು ರಿವರ್ಸ್ ಹಾಕಿದ. ಸದ್ದಿಲ್ಲ. ಎರಡನೇ ಮಹಡಿಯ ಅಜ್ಜಿ ಎದುರಿಗೆ ಬಂದು ನಿಂತರು. ಪೀಂ ಪೀಂ. ಸರಿದರು. ಸದ್ದಿಲ್ಲ. ಅಜ್ಜಿಗೆ ಖುಷಿಯಾಗಿ ಇನ್ನೊಮ್ಮೆ ಬಂದು ನಿಂತರು. ಅವರ ಹಿಂದೆ ಸಾಲು ಬೆಳೆಯಿತು. ಹೊಟ್ಟೆ ಎಷ್ಟು ಮುಂದಿದ್ದರೆ ಎಷ್ಟು ಬೇಗ ಕೂಗುತ್ತದೆ ಎಂದು ಒಬ್ಬೊಬ್ಬರೂ ನೋಡಿಕೊಂಡರು.

“ಹೊಸಾ ಸಾಮಾನು. ವಿಭೂತಿ ಹಚ್ಚು,” ಎಂದ ಗುರುಬಸವ.

ದಾನೇಶ್ವರಿಯ ತವರಿನಲ್ಲಿ ಲಾರಿಗಳಿದ್ದವು. ಅಮಾವಾಸ್ಯೆಗೊಮ್ಮೆ ಅವಕ್ಕೆ ಪೂಜೆ. ಅದೇ ರೂಢಿಯಲ್ಲಿ ಈ ಕಾರಿಗೂ ಮೂರು ವರ್ಷದಿಂದ ತಪ್ಪದೆ ಮಾಡುತ್ತಿದ್ದಳು. ಕಾರು ಬಂದ ದಿನ ಗಂಡ ಬಂಪರಿನ ನಾಲ್ಕು ಬೊಟ್ಟುಗಳನ್ನು ತೋರಿಸಿ, “ಇವು ಗಾಡಿ ಕಣ್ಣು,” ಎಂದಿದ್ದ. ಕಣ್ಣುಗಳನ್ನು ಬೋಳಾಗಿ ಬಿಡುವುದುಂಟೆ? ಈಗಲೂ ನೀರಲ್ಲಿ ಕಲಸಿದ ವಿಭೂತಿಯನ್ನು ನಾಲ್ಕಕ್ಕೂ ದಪ್ಪಗೆ ಮೆತ್ತಿ, ಮೇಲೊಂದೊಂದು ಚೆಂಡುಹೂವಿನ ಎಸಳು ಅಂಟಿಸಿದಳು.

ಕಾರು ಕಿರುಚತೊಡಗಿತು.

“ದೂರ ಸರೀರಿ ಎಲ್ಲಾರೂ!” ಜನ ಸರಿದರು. ಕಿರುಚಾಟ ನಿಲ್ಲಲಿಲ್ಲ. ಗೇಟಿನವರೆಗೆ ಸರಿದರು. ಗೇಟಿನಾಚೆ ಬೇಲ್‌ಪುರಿಯವನನ್ನೂ ಗಾಡಿ ಸಮೇತ ಸರಿಸಲಾಯಿತು.

“ಪೀಛೆ ಕುಛ್ ನಹೀ ಹೈ, ಭಾವೂ! ಖಾಲಿ ಹೈ!” ಎಂದು ಸುಹಾಸ ಬಂಪರಿನ ತುದಿಯಿಂದ ಕೂಗಿದ.

“ಯಾರೋ ಅದಾರ,” ಎಂದ ಗುರುಬಸವ ಗಂಭೀರವಾಗಿ. “ಕಣ್ಣಿಗೆ ಕಾಣವಲ್ರು.”

ದಾನೇಶ್ವರಿ ತನ್ನ ಬೆರಳು ನೋಡಿಕೊಂಡಳು. ಇನ್ನೊಂದು ಕೈಯಲ್ಲಿದ್ದ ಹಳೆಯ ಸೆನ್ಸರನ್ನು ಉಗುರಿನಿಂದ ಕೆರೆದಳು. ವಿಭೂತಿಯ ಬಿಳಿ ಹಕ್ಕಳೆ, ಕುಂಕುಮದ ಕೆಂಪು ಹಕ್ಕಳೆ, ಮತ್ತೆ ಬಿಳಿ. ಮೂರು ವರ್ಷದ ಅಮಾವಾಸ್ಯೆಗಳು ಒಂದೊಂದಾಗಿ ಎದ್ದವು. ಅಡಿಯಲ್ಲಿ ಸೆನ್ಸರ್ ಹೊಸದರ ಹಾಗೆ ಮಿರಿಮಿರಿ ಮಿಂಚಿತು. ಪಾಪ, ಕಣ್ಣಿಗೇ ಕವಿದುಕೊಂಡದ್ದನ್ನು ಅದು ಬೆನ್ನ ಹಿಂದೆ ಯಾರೋ ಇದ್ದಾರೆಂದು ತಿಳಿದಿತ್ತು. ತಾನೂ ಎಷ್ಟು ಸಲ ಹಾಗೆ ತಿಳಿದು ನಿಂತುಬಿಟ್ಟಿದ್ದೇನೆ ಎನಿಸಿತು ಅವಳಿಗೆ.

ಹೆಬ್ಬೆರಳಿನಿಂದ ನಾಲ್ಕನ್ನೂ ಒರೆಸಿದಳು. ಕಾರು ತೆಪ್ಪಗಾಯಿತು.

“ಇನ್ನೊಮ್ಮಿ ಹಚ್ಚು,” ಎಂದ ಗಂಡ, ನಂಬದೆ. ಹಚ್ಚಿದಳು, ಕಿರುಚಿತು. ಒರೆಸಿದಳು, ಸುಮ್ಮನಾಯಿತು.

ಗುರುಬಸವ ಕಾರಿನಿಂದಿಳಿದು ಬಂದ. “ಹಂಗಾರ ಮಷಿನ್ನೇ ಬಂದ್ ಮಾಡೂಣು. ವಿಭೂತಿ ಬಿಡಾಕ ಬರೂದಿಲ್ಲ. ಹಿಂದ ನಿಂದ್ರಾಕ ನಾ ಅದೀನಲ್ಲ.” ಅವನ ದನಿಯಲ್ಲಿ ಗೆದ್ದವನ ಗತ್ತಿರಲಿಲ್ಲ. ಇದ್ದ ಒಂದು ಕೆಲಸ ಹೋದೀತೆಂಬ ಅಂಜಿಕೆಯಿತ್ತು. ಅದು ಅವಳಿಗೆ ಕೇಳಿಸಿತು, ಕೇಳಿಸಿದ್ದರಿಂದಲೇ ಅರೆಕ್ಷಣ ಸೋಲುವುದರಲ್ಲಿದ್ದಳು.

“ವಹಿನಿ, ಜಲ್ದಿ ಬೋಲೋ, ಹಾತ್ ದುಖ್ ರಹಾ ಹೈ,” ಎಂದ, ಬಂಪರ್ ಹಿಡಿದೇ ಕೈ ಸೋತಿದ್ದ ಸುಹಾಸ.

ದಾನೇಶ್ವರಿ ಬಟ್ಟಲಲ್ಲಿ ಉಳಿದ ವಿಭೂತಿಯಲ್ಲಿ ಮೂರು ಬೆರಳು ಅದ್ದಿ, ಎಲ್ಲರೆದುರಿಗೆ ಗಂಡನ ಹಣೆಗೆ ಅಡ್ಡಕ್ಕೆ ಎಳೆದಳು. “ಅದರ ಪಾಲಿನ ವಿಭೂತಿ ನಿಮಗ ಹಚ್ಚೀನ್ರಿ. ಅಮಾವಾಸ್ಯಿಗೊಮ್ಮಿ ನಿಮ್ಮನ್ನ ಹಿಂಗ ಕುಂದ್ರಿಸಿ ಹಚ್ತೀನಿ. ಅದನ್ನ ಅಷ್ಟ ನೋಡಾಕ ಬಿಡ್ರಿ.”

ಅಜ್ಜಿ ಕೈಮುಗಿದರು. ಗುರುಬಸವ ಸ್ಕ್ರೂಡ್ರೈವರ್ ಎತ್ತಿಕೊಂಡ. ಸಂಜೆಯೊಳಗೆ ಬಂಪರ್ ತನ್ನ ಜಾಗ ಸೇರಿತು. ಮೆಂತ್ಯದ ಬಟ್ಟಲಲ್ಲಿ ಮಾತ್ರ ಎರಡು ಕ್ಲಿಪ್ಪು ಉಳಿದವು.

ಸೋಮವಾರ ಎಂಟಕ್ಕೆ ದಾನೇಶ್ವರಿ ಕಾರು ಚಾಲೂ ಮಾಡಿ ರಿವರ್ಸ್ ಹಾಕಿದಳು. ಪೀಂ ಪೀಂ ಪೀಂ. ಬ್ರೇಕ್ ಒತ್ತಿದಳು. ಕನ್ನಡಿಯಲ್ಲಿ ನೋಡಿದರೆ ಗುರುಬಸವ ಎಂದಿನ ಜಾಗದಲ್ಲಿ ಕೈಚಾಚಿ ನಿಂತಿದ್ದ.

“ನೋಡಿದ್ಯಾ? ಮತ್ತ ಒದರಾಕ ಹತ್ತೇತಿ!” ಎಂದ, ಆಸೆಯಿಂದ.

ಅವಳು ಕಿಟಕಿಯಿಂದ ತಲೆ ಹೊರಹಾಕಿದಳು. “ಸರಿ ಒದರಾಕ ಹತ್ತೇತ್ರಿ. ಹಿಂದ ನೀವ್ ಅದೀರಿ.”

ಅವನು ಒಂದು ಹೆಜ್ಜೆ ಹಿಂದೆ ಸರಿದ. ಸದ್ದು ನಿಧಾನವಾಯಿತು. ಇನ್ನೊಂದು ಹೆಜ್ಜೆ. ಪೀಂ... ಪೀಂ... ಅವಳು ಕಾರನ್ನು ಅಷ್ಟಷ್ಟೇ ಹಿಂದಕ್ಕೆ ಬಿಟ್ಟಳು. ಅವನು ಸರಿದಂತೆ ಅವಳು, ಅವಳು ಬಂದಂತೆ ಅವನು. ಕೊನೆಗೆ ಅವನ ಬೆನ್ನು ಎದುರು ಗೋಡೆಗೆ ತಾಗಿತು. ಇನ್ನು ಹಿಂದಕ್ಕೆ ಜಾಗವಿರಲಿಲ್ಲ. ಪಕ್ಕಕ್ಕೆ ಇತ್ತು. ಗುರುಬಸವ ಗೋಡೆ ನೋಡಿದ, ಕಾರು ನೋಡಿದ, ಆಮೇಲೆ ಪಕ್ಕಕ್ಕೆ ಸರಿದು ನಿಂತ.

ಅವಳು ಗೇರು ಮುಂದಕ್ಕೆ ಹಾಕಿದಳು, ಕಾರು ಸುಮ್ಮನಾಯಿತು. ದಾನೇಶ್ವರಿ ಸ್ಟೇರಿಂಗ್ ತಿರುಗಿಸಿ ಗೇಟು ದಾಟಿದಳು.

“ಎರಡು ಕ್ಲಿಪ್ ಹಚ್ಚೂದ್ ಉಳದೇತಿ, ಹುಷಾರ!” ಎಂದು ಕೂಗಿದ್ದು ಕೇಳಿಸಿತು. ಮುಂದಿನ ಸಿಗ್ನಲ್ಲಿಗೆ ಕಾರು ನಿಂತಾಗ ಅವಳು ಗಂಟಲು ಸರಿಮಾಡಿಕೊಂಡು, ಹೊಟ್ಟೆಯ ಅಡಿಯಿಂದ, ಇಷ್ಟು ವರ್ಷ ಯಾರೆದುರಿಗೂ ತೆಗೆಯದ ದನಿಯಲ್ಲಿ ಒಮ್ಮೆ ಎಮ್ಮೆಯ ಹಾಗೆ ಕೂಗಿದಳು. ಮುಂದಿದ್ದ ಟ್ಯಾಕ್ಸಿಯವನು ಬೆಚ್ಚಿ ದಾರಿ ಬಿಟ್ಟ.